ಖಿನ್ನತೆಯ ಮಾತ್ರೆ ಹದಿಹರೆಯದವರಿಗೆ ಸುರಕ್ಷಿತವೇ?

ವೈದ್ಯರು ಬರೆದುಕೊಟ್ಟ ಮಾತ್ರೆಯ ಹೆಸರನ್ನು ಮೊಬೈಲ್‌ನಲ್ಲಿ ಹುಡುಕಿದರೆ ಮೊದಲು ಕಾಣುವುದು ‘ಆತ್ಮಹತ್ಯೆಯ ಯೋಚನೆ ಹೆಚ್ಚಿಸಬಹುದು’ ಎಂಬ ಎಚ್ಚರಿಕೆ. ಖಿನ್ನತೆಗೆಂದು ಕೊಟ್ಟ ಔಷಧವೇ ಹೀಗೆ ಮಾಡುವುದಾದರೆ ಮಕ್ಕಳಿಗೆ ಕೊಡುವುದು ಹೇಗೆ ಎಂದು ಹೆತ್ತವರು ಹೆದರುವುದು ಸಹಜ.

ಎಚ್ಚರಿಕೆ ನಿಜ. ಆದರೆ ಅದರ ಅರ್ಥ ‘ಕೊಡಲೇಬೇಡಿ’ ಎಂದಲ್ಲ, ‘ಕೊಟ್ಟಾಗ ಹತ್ತಿರದಿಂದ ಗಮನಿಸಿ’ ಎಂದು.

ಈ ಎಚ್ಚರಿಕೆ ಬಂದದ್ದು ಎಲ್ಲಿಂದ?

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, 4,400ಕ್ಕೂ ಹೆಚ್ಚು ಮಕ್ಕಳು ಮತ್ತು ಹದಿಹರೆಯದವರು ಪಾಲ್ಗೊಂಡಿದ್ದ 24 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ಆತ್ಮಹತ್ಯೆಯ ಯೋಚನೆ ಅಥವಾ ಅಂಥ ವರ್ತನೆ, ಔಷಧ ಪಡೆದವರಲ್ಲಿ ಸುಮಾರು ಶೇ. 4ರಷ್ಟು ಮಂದಿಗೆ, ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ಶೇ. 2ರಷ್ಟು ಮಂದಿಗೆ ಕಂಡುಬಂದಿತು. ಅಂದರೆ ನೂರು ಮಂದಿಗೆ ಇಬ್ಬರು ಹೆಚ್ಚು. ಈ ಪ್ರಯೋಗಗಳಲ್ಲಿ ಯಾರೂ ಆತ್ಮಹತ್ಯೆಯಿಂದ ಸಾಯಲಿಲ್ಲ. 2004ರಲ್ಲಿ ಔಷಧದ ಮಾಹಿತಿಪತ್ರದಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಕಡ್ಡಾಯವಾಯಿತು. 2007ರಲ್ಲಿ ಅದನ್ನು 24 ವರ್ಷದವರೆಗಿನ ಯುವಜನರಿಗೂ ವಿಸ್ತರಿಸಲಾಯಿತು.

ಹಾಗಾದರೆ ಏಕೆ ಕೊಡುತ್ತಾರೆ?

ಚಿಕಿತ್ಸೆ ಸಿಗದ ಖಿನ್ನತೆಯೇ ಆತ್ಮಹತ್ಯೆಗೆ ದೊಡ್ಡ ಕಾರಣಗಳಲ್ಲೊಂದು. ಖಿನ್ನತೆ ಸೌಮ್ಯವಾಗಿದ್ದರೆ ಸಾಮಾನ್ಯವಾಗಿ ಆಪ್ತಸಮಾಲೋಚನೆಯಿಂದಲೇ ಶುರುಮಾಡುತ್ತಾರೆ. ತೀವ್ರವಾಗಿದ್ದಾಗ ಮಾತ್ರೆ ಬೇಕಾಗಬಹುದು. 12ರಿಂದ 17 ವರ್ಷದ 439 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 12 ವಾರಗಳ ನಂತರ ಚೇತರಿಕೆ ಕಂಡವರ ಪ್ರಮಾಣ ಹೀಗಿತ್ತು:

• ಫ್ಲುಯೊಕ್ಸೆಟಿನ್ ಜೊತೆಗೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ: ಶೇ. 71
• ಫ್ಲುಯೊಕ್ಸೆಟಿನ್ ಮಾತ್ರ: ಶೇ. 61
• ಸಿಬಿಟಿ ಮಾತ್ರ: ಶೇ. 43
• ಹುಸಿ ಮಾತ್ರೆ: ಶೇ. 35

ಎಲ್ಲ ಮಾತ್ರೆಗಳೂ ಒಂದೇ ಅಲ್ಲ. ಮಕ್ಕಳ ಖಿನ್ನತೆಯಲ್ಲಿ ಹೆಚ್ಚು ಪುರಾವೆ ಇರುವುದು ಫ್ಲುಯೊಕ್ಸೆಟಿನ್‌ಗೆ. ಪರಾಕ್ಸೆಟಿನ್ ಅನ್ನು 18 ವರ್ಷದೊಳಗಿನವರ ಖಿನ್ನತೆಗೆ ಬಳಸಬಾರದೆಂದು ಬ್ರಿಟನ್ 2003ರಲ್ಲೇ ಹೇಳಿತು. ಆದ್ದರಿಂದ ದೊಡ್ಡವರ ಮಾತ್ರೆಯನ್ನು ಮಕ್ಕಳಿಗೆ ಕೊಡಬೇಡಿ.

ಯಾವಾಗ ಹೆಚ್ಚು ಗಮನ ಬೇಕು?

ಮೊದಲ ಕೆಲವು ವಾರಗಳಲ್ಲಿ ಮತ್ತು ಡೋಸ್ ಬದಲಾದಾಗ. ಮನಸ್ಸು ಹಗುರವಾಗಲು ಹಲವು ವಾರ ಬೇಕು. ಅಡ್ಡಪರಿಣಾಮಗಳು ಅದಕ್ಕೂ ಮೊದಲೇ ಕಾಣಿಸಬಹುದು. ವಿಪರೀತ ಚಡಪಡಿಕೆ, ಸಿಡುಕು, ನಿದ್ದೆಗೇಡು, ಎಂದೂ ಇಲ್ಲದ ಅತಿ ಉತ್ಸಾಹ ಅಥವಾ ಸಾವಿನ ಮಾತು ಕಂಡರೆ ಮುಂದಿನ ಭೇಟಿಗೆ ಕಾಯದೆ ವೈದ್ಯರಿಗೆ ತಿಳಿಸಿ. ಮನೆಯಲ್ಲಿ ಯಾರಿಗಾದರೂ ಬೈಪೋಲಾರ್ ಕಾಯಿಲೆ ಇದ್ದರೆ ಮೊದಲೇ ಹೇಳಿ. ಮಾತ್ರೆಗಳು ದೊಡ್ಡವರ ವಶದಲ್ಲಿರಲಿ.

‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ಕೇಳಿದರೆ ಇಲ್ಲದ ಯೋಚನೆ ತುಂಬಿದಂತಾಗುತ್ತದೆ ಎಂಬುದು ತಪ್ಪು ನಂಬಿಕೆ. ನೇರವಾಗಿ, ಸಮಾಧಾನದಿಂದ ಕೇಳಿ.

ಹುಷಾರಾದ ಮೇಲೆ ನಿಲ್ಲಿಸಬಹುದೇ?

ನೀವಾಗಿಯೇ ನಿಲ್ಲಿಸಬೇಡಿ. ಈ ಮಾತ್ರೆಗಳು ಮದ್ಯ, ತಂಬಾಕಿನಂತೆ ಚಟ ಹಿಡಿಸುವುದಿಲ್ಲ. ಆದರೆ ಥಟ್ಟನೆ ಬಿಟ್ಟರೆ ತಲೆಸುತ್ತು, ಆತಂಕ, ನಿದ್ದೆಯ ತೊಂದರೆ ಬರಬಹುದು; ಖಿನ್ನತೆಯೂ ಮರುಕಳಿಸಬಹುದು. ಸಾಮಾನ್ಯವಾಗಿ ಚೇತರಿಸಿಕೊಂಡ ಮೇಲೂ ಹಲವು ತಿಂಗಳು ಮುಂದುವರಿಸಿ, ವೈದ್ಯರ ಸಲಹೆಯಂತೆ ಹಂತಹಂತವಾಗಿ ಕಡಿಮೆ ಮಾಡಬೇಕು.

ತುರ್ತು ಎನಿಸಿದರೆ ಮಗುವನ್ನು ಒಂಟಿಯಾಗಿ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು.