ಎದ್ದ ಮೇಲೆ ಎಷ್ಟು ನಿಮಿಷ?

ಸಿಗರೇಟು ಸೇದುವವರ ವಿಷಯದಲ್ಲಿ ನಮ್ಮ ಮನೆಗಳ ತೀರ್ಪು ಬಹುಮಟ್ಟಿಗೆ ಒಂದೇ: ‘ಮನಸ್ಸು ಮಾಡಿದರೆ ಬಿಡಬಹುದು, ಇವರು ಮನಸ್ಸು ಮಾಡುವುದಿಲ್ಲ.’ ಹೆಂಡತಿ ಹೀಗೆನ್ನುತ್ತಾಳೆ, ಮಕ್ಕಳು ಹೀಗೆನ್ನುತ್ತಾರೆ, ಸೇದುವವನೂ ತನ್ನನ್ನು ಹೀಗೆಯೇ ಹಳಿದುಕೊಳ್ಳುತ್ತಾನೆ. ಆದರೆ ಒಬ್ಬನು ತಪಸ್ಸುಕಾಲದ ಮೊದಲ ದಿನ ಬಿಟ್ಟವನು ಮತ್ತೆ ಮುಟ್ಟುವುದಿಲ್ಲ. ಇನ್ನೊಬ್ಬನು ಹತ್ತು ಬಾರಿ ಬಿಟ್ಟು ಹತ್ತು ಬಾರಿಯೂ ಅದಕ್ಕೇ ಹಿಂದಿರುಗುತ್ತಾನೆ. ಮನೋಬಲವೊಂದರಿಂದಲೇ ಈ ವ್ಯತ್ಯಾಸವನ್ನು ವಿವರಿಸಲಾದೀತೇ? ಇದಕ್ಕೆ ಬೇರೊಂದು ಅಳತೆಗೋಲು ಬೇಕೆಂದು ವೈದ್ಯಲೋಕಕ್ಕೆ ತೋರಿದ್ದು ಕಳೆದ ಶತಮಾನದ ಉತ್ತರಾರ್ಧದಲ್ಲಿ.

1964ರಲ್ಲಿ ಅಮೆರಿಕದ ಸರ್ಜನ್ ಜನರಲ್ ಲೂಥರ್ ಟೆರಿಯವರು ಪ್ರಕಟಿಸಿದ ವರದಿ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ನಿಸ್ಸಂದೇಹವಾಗಿ ಸಾರಿತು. ಆದರೆ ಅದೇ ವರದಿ ಧೂಮಪಾನವನ್ನು ವ್ಯಸನವೆನ್ನದೆ ‘ರೂಢಿ’ಯೆಂದಿತು. ವ್ಯಸನವೆಂಬ ಪದವನ್ನು ಅಂದಿನ ವೈದ್ಯರು ಅಫೀಮು, ಹೆರಾಯಿನ್‌ಗಳಂಥ ಪದಾರ್ಥಗಳಿಗೆ ಮೀಸಲಾಗಿಟ್ಟಿದ್ದರು. ಈ ಪದದ ಆಯ್ಕೆ ಸಣ್ಣ ಸಂಗತಿಯಲ್ಲ. ರೂಢಿಯೆಂದಮೇಲೆ ಅದನ್ನು ಬಿಡದಿರುವುದು ಸೇದುವವನ ಹಟವಷ್ಟೇ ಆಗುತ್ತದೆ. ನಿಕೋಟಿನ್ ವ್ಯಸನಕಾರಿಯೆಂದು, ಆ ವ್ಯಸನ ಹೆರಾಯಿನ್ ಮತ್ತು ಕೊಕೇನ್‌ಗಳದನ್ನು ಹೋಲುತ್ತದೆಂದು ಅದೇ ಪದವಿಯಲ್ಲಿದ್ದ ಎವರೆಟ್ ಕೂಪ್ ಅವರ ವರದಿ ಹೇಳುವ ವೇಳೆಗೆ 1988 ಬಂದಿತ್ತು. ಅದಾಗಿ ಆರು ವರ್ಷಗಳ ಮೇಲೂ, 1994ರ ಏಪ್ರಿಲಿನಲ್ಲಿ, ಏಳು ದೊಡ್ಡ ತಂಬಾಕು ಕಂಪನಿಗಳ ಮುಖ್ಯಸ್ಥರು ಅಮೆರಿಕದ ಸಂಸತ್ತಿನ ಸಮಿತಿಯೆದುರು ಪ್ರಮಾಣ ಸ್ವೀಕರಿಸಿ, ನಿಕೋಟಿನ್ ವ್ಯಸನಕಾರಿಯಲ್ಲವೆಂಬುದು ತಮ್ಮ ನಂಬಿಕೆಯೆಂದರು!

ಆದರೆ ಈ ಕಥೆಯ ನಿಜವಾದ ನೆಲೆ ಸ್ವೀಡನ್. ಅಲ್ಲಿನ ನೌಕಾಪಡೆಯ ಜಲಾಂತರ್ಗಾಮಿಗಳೊಳಗೆ ಹೊಗೆ ಬಿಡುವಂತಿರಲಿಲ್ಲ. ಸೇದುವ ನಾವಿಕರು ನೀರಿನಡಿಯಲ್ಲಿದ್ದಷ್ಟು ಕಾಲ ಬಾಯಲ್ಲಿಡುವ ತಂಬಾಕಿನಿಂದ ಸಮಾಧಾನಪಟ್ಟುಕೊಳ್ಳುವುದನ್ನು ಲುಂಡ್ ನಗರದ ಶರೀರವಿಜ್ಞಾನಿ ಕ್ಲೇಸ್ ಲುಂಡ್‌ಗ್ರೆನ್ ಗಮನಿಸಿದ್ದರು. ಅವರು 1967ರಲ್ಲಿ ಈ ವಿಷಯವನ್ನು ಔಷಧ ಕಂಪನಿಯೊಂದರ ಸಂಶೋಧಕ ಊವೆ ಫೆರ್ನೊ ಅವರಿಗೆ ಬರೆದರು. ನಾವಿಕರಿಗೆ ಬೇಕಾದದ್ದು ಹೊಗೆಯಲ್ಲ, ನಿಕೋಟಿನ್ ಎಂಬ ಈ ಸುಳಿವಿನಿಂದ ಹುಟ್ಟಿದ್ದೇ ನಿಕೋಟಿನ್ ಬೆರೆಸಿದ ಚೂಯಿಂಗ್ ಗಮ್. 1978ರಲ್ಲಿ ಅದಕ್ಕೆ ಸ್ವಿಟ್ಜರ್ಲೆಂಡ್ ಅನುಮತಿ ನೀಡಿತು.

ಔಷಧವೇನೋ ಬಂತು, ಯಾರಿಗೆ ಎಷ್ಟು? ಅದೇ 1978ರಲ್ಲಿ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಕಾರ್ಲ್-ಊಲೋವ್ ಫಾಗೆರ್‌ಸ್ಟ್ರೋಮ್ ಎಂಟು ಪ್ರಶ್ನೆಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ದೇಹ ತಂಬಾಕಿಗೆ ಎಷ್ಟರಮಟ್ಟಿಗೆ ಅಧೀನವಾಗಿದೆಯೆಂದು ಅಳೆದು, ಆಯಾ ವ್ಯಕ್ತಿಗೆ ತಕ್ಕ ಚಿಕಿತ್ಸೆಯನ್ನು ನಿರ್ಧರಿಸುವುದು ಅವರ ಉದ್ದೇಶವಾಗಿತ್ತು. ರಕ್ತಪರೀಕ್ಷೆ ಬೇಡ, ಯಂತ್ರ ಬೇಡ. ಕಾಗದ, ಲೇಖನಿಗಳಿದ್ದರೆ ಸಾಕು.

1991ರಲ್ಲಿ ಟಾಡ್ ಹೆದರ್‌ಟನ್ ಮತ್ತು ಸಂಗಡಿಗರು, ಫಾಗೆರ್‌ಸ್ಟ್ರೋಮ್ ಅವರನ್ನೂ ಸೇರಿಸಿಕೊಂಡು, ಪಟ್ಟಿಯನ್ನು ಆರು ಪ್ರಶ್ನೆಗಳಿಗೆ ಇಳಿಸಿದರು. ಎದ್ದ ಎಷ್ಟು ನಿಮಿಷಕ್ಕೆ ಮೊದಲ ಸಿಗರೇಟು? ದಿನಕ್ಕೆ ಎಷ್ಟು? ಯಾವುದನ್ನು ಬಿಡುವುದು ಅತಿ ಕಷ್ಟ, ಬೆಳಗಿನ ಮೊದಲನೆಯದನ್ನೋ ಬೇರೊಂದನ್ನೋ? ದಿನದ ಉಳಿದ ಹೊತ್ತಿಗಿಂತ ಎದ್ದ ಮೊದಲ ಗಂಟೆಗಳಲ್ಲಿ ಹೆಚ್ಚು ಸೇದುತ್ತೀರಾ? ಕಾಯಿಲೆಯಿಂದ ದಿನದ ಬಹುಪಾಲು ಹಾಸಿಗೆಯಲ್ಲೇ ಇದ್ದಾಗಲೂ ಸೇದುತ್ತೀರಾ? ಉಳಿದೊಂದು ಪ್ರಶ್ನೆ ನಮಗೆ ಕೌತುಕದ್ದು: ನಿಷೇಧವಿರುವ ಸ್ಥಳಗಳಲ್ಲಿ ಸೇದದೆ ಇರುವುದು ಕಷ್ಟವೇ? ಇದಕ್ಕೆ ಉದಾಹರಣೆಯಾಗಿ ಗ್ರಂಥಾಲಯ, ಚಿತ್ರಮಂದಿರಗಳ ಜೊತೆಯಲ್ಲಿ ಅವರು ಹೆಸರಿಸಿದ್ದು ಚರ್ಚನ್ನು! ಬಲಿಪೂಜೆಯ ನಡುವೆ ಮೆಲ್ಲನೆ ಹಿಂಬಾಗಿಲಿನಿಂದ ಹೊರಗೆ ಹೋಗಿ ಬರುವವರನ್ನು ನೀವೂ ಕಂಡಿರಬಹುದು. ಪ್ರಬೋಧನೆ ದೀರ್ಘವಾಯಿತೆಂಬುದೇ ಎಲ್ಲರ ಕಾರಣವೂ ಅಲ್ಲ.

ಅಂಕಗಳು ಸೊನ್ನೆಯಿಂದ ಹತ್ತರವರೆಗೆ. ಎರಡರವರೆಗೆ ಬಂದರೆ ಅವಲಂಬನೆ ತೀರ ಕಡಿಮೆ. ಎಂಟು ದಾಟಿದರೆ ಅತಿ ತೀವ್ರ. ಕೈಬಿಟ್ಟ ಪ್ರಶ್ನೆಗಳೆರಡೂ ಗಮನಾರ್ಹವೇ. ಹೊಗೆಯನ್ನು ಒಳಗೆಳೆದುಕೊಳ್ಳುತ್ತೀರಾ ಎಂಬುದು ಒಂದು. ಸಿಗರೇಟು ಸೇದುವವರಲ್ಲಿ ಬಹುತೇಕ ಎಲ್ಲರೂ ಹೌದೆನ್ನುತ್ತಾರೆ. ನೀವು ಸೇದುವ ಸಿಗರೇಟಿನಲ್ಲಿ ನಿಕೋಟಿನ್ ಎಷ್ಟೆಂಬುದು ಇನ್ನೊಂದು. ‘ಲೈಟ್’ ಸಿಗರೇಟು ಹಿಡಿದವನು ಇನ್ನಷ್ಟು ಆಳವಾಗಿ ಎಳೆದು, ದೇಹಕ್ಕೆ ರೂಢಿಯಾದ ಪ್ರಮಾಣವನ್ನು ಹೇಗೋ ಪಡೆದುಕೊಳ್ಳುತ್ತಾನೆ. ಆದ್ದರಿಂದ ಪೊಟ್ಟಣದ ಮೇಲಿನ ಅಂಕಿಯನ್ನು ನೆಚ್ಚುವಂತಿಲ್ಲ.

ಆರರಲ್ಲಿ ಹೆಚ್ಚು ತೂಕದ ಪ್ರಶ್ನೆಗಳು ಎರಡು, ದಿನದ ಲೆಕ್ಕ ಮತ್ತು ಬೆಳಗಿನ ನಿಮಿಷ. ಎದ್ದ ಐದು ನಿಮಿಷದೊಳಗೆ ಹಚ್ಚುವವನಿಗೆ ಮೂರು ಅಂಕ. ಅರ್ಧ ಗಂಟೆಯೊಳಗಾದರೆ ಎರಡು. ಒಂದು ಗಂಟೆಯೊಳಗಾದರೆ ಒಂದು. ಅದರ ನಂತರವಾದರೆ ಸೊನ್ನೆ. ಬೆಳಗಿನ ಜಾವವೇ ಏಕೆ? ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಹಗಲೆಲ್ಲಾ ತುಂಬಿಸಿಕೊಂಡದ್ದು ಏಳೆಂಟು ಗಂಟೆಯ ನಿದ್ದೆಯಲ್ಲಿ ಬಹುಪಾಲು ಬರಿದಾಗಿರುತ್ತದೆ. ನಿಕೋಟಿನ್‌ಗೆ ಒಗ್ಗಿಹೋದ ಮೆದುಳು ಈ ಕೊರತೆಯನ್ನು ಸಹಿಸದೆ ಚಡಪಡಿಸುತ್ತದೆ. ಹೊಗೆ ಒಳಗೆಳೆದ ಅರ್ಧ ನಿಮಿಷದೊಳಗೇ ನಿಕೋಟಿನ್ ಮೆದುಳನ್ನು ಸೇರಿ ಆ ಚಡಪಡಿಕೆಯನ್ನು ತಣಿಸುತ್ತದೆ. ಮುಖ ತೊಳೆಯುವ ಮೊದಲೇ ಬೆಂಕಿಪೊಟ್ಟಣ ತಡಕುವ ಕೈಯನ್ನು ಆಡಿಸುವುದು ಈ ಕೊರತೆ. ಅದನ್ನು ಬರೀ ಉದ್ಧಟತನವೆಂದು ಗದರಿ ಏನು ಫಲ?

ಈ ಅಳತೆಗೋಲಿಗೂ ಮಿತಿಗಳಿವೆ. ಅದು ಹುಟ್ಟಿದ್ದು ಸಿಗರೇಟಿನ ನಾಡಿನಲ್ಲಿ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇಕಡಾ 4, ಬೀಡಿ ಸೇದುವವರು ಶೇಕಡಾ 7.7, ಹೊಗೆಯಿಲ್ಲದ ತಂಬಾಕು ಬಳಸುವವರು ಶೇಕಡಾ 21.4. ಬಾಯಲ್ಲಿಡುವ ತಂಬಾಕಿಗೆಂದು 2006ರಲ್ಲಿ ಪಟ್ಟಿಯ ಇನ್ನೊಂದು ರೂಪ ಪ್ರಕಟವಾಯಿತಾದರೂ, ವಾರಕ್ಕೆಷ್ಟು ಡಬ್ಬಿ ಎಂದು ಅದು ಕೇಳುತ್ತದೆ. ಎಲೆಯಡಿಕೆಯೊಡನೆ ಚೂರು ಹೊಗೆಸೊಪ್ಪು ಹಾಕಿಕೊಳ್ಳುವ ನಮ್ಮ ಅಜ್ಜಿಯಂದಿರು ಡಬ್ಬಿಯ ಲೆಕ್ಕ ಎಲ್ಲಿಂದ ಕೊಡಬೇಕು? ಫಾಗೆರ್‌ಸ್ಟ್ರೋಮ್ ಅವರೇ 2012ರಲ್ಲಿ ತಮ್ಮ ಪಟ್ಟಿಯ ಹೆಸರಿನಿಂದ ‘ನಿಕೋಟಿನ್’ ತೆಗೆದು ‘ಸಿಗರೇಟು ಅವಲಂಬನೆ’ ಎಂದು ತಿದ್ದಿದರು. ಜನರನ್ನು ಹಿಡಿದಿಡುವುದು ನಿಕೋಟಿನ್ ಒಂದೇ ಅಲ್ಲ, ಸಿಗರೇಟು ಒಟ್ಟಾರೆಯಾಗಿ ಎಂಬುದು ಅವರ ವಾದ.

ಆ ಬೆಳಗಿನ ಪ್ರಶ್ನೆ ಮಾತ್ರ ಇಂದಿಗೂ ಚಲಾವಣೆಯಲ್ಲಿದೆ. ಅಮೆರಿಕದಲ್ಲಿ ಮಾರುವ ನಿಕೋಟಿನ್ ಗಮ್ಮಿನ ಪೊಟ್ಟಣದ ಮೇಲೆ ಅದನ್ನು ಕಾಣಬಹುದು: ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಸೇದುವವರಿಗೆ 4 ಮಿಲಿಗ್ರಾಂ, ಆಮೇಲೆ ಸೇದುವವರಿಗೆ 2 ಮಿಲಿಗ್ರಾಂ.