ಗೋಲಿನ ಮುಂದೆ ನಿಂತವರು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಶಾಲಾ ಮೈದಾನಗಳಲ್ಲಿ ಆಡಿ ಬೆಳೆದ ನನ್ನ ಶಿಷ್ಯರಿಗೆ ತಿಳಿಯದ್ದೇನಲ್ಲ: ಓಡಲಾರದ ಹುಡುಗನನ್ನು ಗೋಲಿಗೆ ನಿಲ್ಲಿಸುವುದೇ ನಮ್ಮಲ್ಲಿ ರೂಢಿ. ಗೋಲು ಹೊಡೆದವನ ಹೆಸರು ಊರಿಗೆಲ್ಲ ಹಬ್ಬುತ್ತದೆ. ತಡೆಯುವವನ ಹೆಸರು ಸೋತ ದಿನ ಮಾತ್ರ ಕೇಳಿಬರುತ್ತದೆ. ಬೆಂಗಳೂರಿನ ಹಾಕಿ ಗೋಲ್‌ಕೀಪರ್ ಆಶಿಶ್ ಬಲ್ಲಾಳರಿಗಾದರೋ ಗೆದ್ದ ಮೇಲೆಯೇ ಕಷ್ಟ ಒದಗಿತು.

1998ರ ಡಿಸೆಂಬರ್‌ನಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಭಾರತ ಮತ್ತು ದಕ್ಷಿಣ ಕೊರಿಯಾ 1-1ರಲ್ಲಿ ಸಮಬಲ ಸಾಧಿಸಿದವು. ನಿರ್ಣಯ ಟೈಬ್ರೇಕರಿಗೆ ಬಿಟ್ಟಿತು. ಪೆನಾಲ್ಟಿ ಸ್ಟ್ರೋಕ್ ಹೊಡೆಯುವ ಬಿಂದು ಗೋಲಿನಿಂದ ಕೇವಲ 7 ಗಜ ದೂರ. ಚೆಂಡನ್ನು ಕಂಡು ಹಾರುತ್ತೇನೆಂದರೆ ಕಾಲ ಮಿಂಚಿರುತ್ತದೆ. ಹೊಡೆಯುವವನ ಭುಜ, ಮಣಿಕಟ್ಟುಗಳನ್ನು ಓದಿಯೇ ಹಾರಬೇಕು. ಬಲ್ಲಾಳರು ಎರಡು ಸ್ಟ್ರೋಕುಗಳನ್ನು ತಡೆದರು. ಭಾರತ 4-2ರಿಂದ ಗೆದ್ದಿತು. ಏಷ್ಯಾಡ್ ಹಾಕಿಯ ಚಿನ್ನ ನಮಗೆ ಮರಳಿ ದೊರೆತದ್ದು 32 ವರ್ಷಗಳ ಬಳಿಕ. 1966ರಲ್ಲಿ ಅದೇ ಬ್ಯಾಂಕಾಕ್‌ನಲ್ಲಿ ಪಾಕಿಸ್ತಾನವನ್ನು ಮಣಿಸಿದ ತಂಡದ ನಾಯಕ ಶಂಕರ್ ಲಕ್ಷ್ಮಣ್ ಕೂಡ ಗೋಲ್‌ಕೀಪರರೇ ಎಂಬುದನ್ನು ಎಷ್ಟು ಮಂದಿ ನೆನೆದರೋ ಕಾಣೆ!

ಮುಂದಿನದು ಓದಲು ಹಿತವಾದ ಅಧ್ಯಾಯವಲ್ಲ. ನಾಯಕ ಧನರಾಜ್ ಪಿಳ್ಳೈ, ಬಲ್ಲಾಳ್ ಮೊದಲಾದ ಹಿರಿಯ ಆಟಗಾರರನ್ನು ಮುಂದಿನ ಸರಣಿಗೆ ತಂಡದಿಂದ ಕೈಬಿಡಲಾಯಿತು. ವಿಶ್ರಾಂತಿ ನೀಡಿದ್ದೇವೆಂಬುದು ಅಧಿಕೃತ ವಿವರಣೆ. ಭತ್ಯೆಯ ವಿಷಯದಲ್ಲಿ ದನಿಯೆತ್ತಿದ್ದಕ್ಕೆ ದಂಡವೆಂದೇ ಕ್ರೀಡಾಭಿಮಾನಿಗಳು ಭಾವಿಸಿದರು. ನನ್ನ ಅಭಿಪ್ರಾಯವೂ ಅದೇ. ಚಿನ್ನ ತಂದವರಿಗೆ ಯಾರೂ ಬೇಡದ ವಿಶ್ರಾಂತಿ ಏತಕ್ಕೆ?

ಈ ಪ್ರಸಂಗದ ಪಕ್ಕದಲ್ಲಿ ಜರ್ಮನಿಯ ಫುಟ್‌ಬಾಲ್ ಗೋಲ್‌ಕೀಪರ್ ಆಲಿವರ್ ಕಾನ್ ಅವರ ಬದುಕನ್ನಿರಿಸಿ ನೋಡಬೇಕು. 2001ರಲ್ಲಿ ಮಿಲಾನ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ಕೂಡ 1-1ರಲ್ಲಿಯೇ ನಿಂತಿತ್ತು. ವೆಲೆನ್ಸಿಯಾ ತಂಡದ ಮೂರು ಪೆನಾಲ್ಟಿಗಳನ್ನು ತಡೆದು ಕಾನ್ ಬಯರ್ನ್ ಮ್ಯೂನಿಕ್ ತಂಡವನ್ನು ಗೆಲ್ಲಿಸಿದರು. ಮರುವರ್ಷದ ವಿಶ್ವಕಪ್ ಫೈನಲ್‌ನಲ್ಲಿ ಅವರ ಕೈಯಿಂದ ಜಾರಿದ ಚೆಂಡನ್ನೇ ರೊನಾಲ್ಡೊ ಗೋಲಾಗಿಸಿದರು; ಜರ್ಮನಿ ಸೋತಿತು. ಆದರೂ ಆ ಕೂಟದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಚಿನ್ನದ ಚೆಂಡು ಕಾನ್ ಅವರಿಗೇ ಸಂದಿತು. ಎಡವಿದವರನ್ನೂ ಅಲ್ಲಿ ಗೌರವಿಸಿದರು. 2008ರ ಮೇ ತಿಂಗಳಲ್ಲಿ ಬಯರ್ನ್ ಪರವಾಗಿ ಅವರು ಆಡಿದ ವಿದಾಯದ ಪಂದ್ಯ ನಮ್ಮ ಕೋಲ್ಕತ್ತದಲ್ಲಿ, ಮೋಹನ್ ಬಾಗಾನ್ ವಿರುದ್ಧ ನಡೆಯಿತು. ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ವಂಗ ಜನತೆ ಅವರನ್ನು ಬೀಳ್ಕೊಟ್ಟಿತು.

ಬಲ್ಲಾಳರಿಗೆ 2000ದಲ್ಲಿ ಅರ್ಜುನ ಪ್ರಶಸ್ತಿ ಲಭಿಸಿತು. ಆಮೇಲೆ ಅವರು ಬೆಂಗಳೂರಿನಲ್ಲಿ ತಮ್ಮ ಹೆಸರಿನ ಹಾಕಿ ಅಕಾಡೆಮಿಯನ್ನು ತೆರೆದು ಮಕ್ಕಳಿಗೆ ಆಟ ಕಲಿಸಲು ನಿಂತರು.