ಹರಗೋಲು ಯಾಕೆ ಗಿರಕಿ ಹೊಡೆಯುತ್ತೆ?

ಚಿಕ್ಕವನಿದ್ದಾಗ ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿನ ಹತ್ತಿರ ಮೊದಲ ಸಲ ಹರಗೋಲು ಹತ್ತಿದ್ದೆ. ನಡು ಹೊಳೆಗೆ ಬಂದದ್ದೇ ತಡ, ಅದು ಗಿರ್ರನೆ ಸುತ್ತತೊಡಗಿತು. ನನಗೋ ಅಳುವೇ ಬಂತು. ಅಂಬಿಗರ ಅಜ್ಜ ನಕ್ಕು, “ತಿರುಗಿದ್ರ ತಿರುಗ್ಲಿ ಬಿಡೋ ತಮ್ಮಾ, ದಂಡಿ ಅಂತೂ ಮುಟ್ಟಸ್ತೀನಿ” ಅಂದಿದ್ದ.

ಮೊನ್ನೆ ಸ್ಲಾಲಂ ವಾಟರ್ ಸ್ಕೀಯಿಂಗ್ ವಿಡಿಯೋ ನೋಡುವಾಗ ಆ ಅಜ್ಜ ನೆನಪಾದ. 1922ರಲ್ಲಿ ಅಮೆರಿಕದ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮುಯೆಲ್ಸನ್ ಎಂಬ ಹುಡುಗ ಹಲಗೆ ಕಟ್ಟಿಕೊಂಡು ಶುರು ಮಾಡಿದ ಆಟ ಇದು. ಸ್ಲಾಲಂನಲ್ಲಿ ಒಂದೇ ಹಲಗೆ. ಅದರ ಹಿಂತುದಿಯ ಅಡಿಯಲ್ಲಿ ಮೀನಿನ ರೆಕ್ಕೆಯಂಥ ಒಂದು ಫಿನ್. ಅದು ನೀರನ್ನು ಕಚ್ಚಿ ಹಿಡಿಯುವುದರಿಂದಲೇ ಹಲಗೆಯ ಬಾಲ ಪಕ್ಕಕ್ಕೆ ಜಾರುವುದಿಲ್ಲ. ಫಿನ್ ಹೆಚ್ಚು ಆಳಕ್ಕಿಳಿದರೆ ಹಿಡಿತ ಜಾಸ್ತಿ, ಆದರೆ ತಿರುಗುವುದು ಕಷ್ಟ. ಮೇಲಾದರೆ ಬೇಗ ತಿರುಗುತ್ತೆ, ಆದರೆ ಬಾಲ ಜಾರಿ ತೋಲ ತಪ್ಪುತ್ತೆ. ಆಟಗಾರರು ಇದನ್ನು ಕೂದಲೆಳೆಯ ಲೆಕ್ಕದಲ್ಲಿ ಹೊಂದಿಸಿಕೊಳ್ಳುತ್ತಾರೆ.

ನಮ್ಮ ಹರಗೋಲಿಗೆ ಫಿನ್ ಇಲ್ಲ, ಮುಂದು-ಹಿಂದು ಇಲ್ಲ. ತಳ ದುಂಡಗೆ, ಚಪ್ಪಟೆ. ನೀರಿಗೆ ಹಿಡಿಯಲು ಏನೂ ಸಿಗದು. ಪಕ್ಕದಲ್ಲಿ ಹುಟ್ಟು ಹಾಕಿದರೆ ಸುತ್ತಲೇಬೇಕು! 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಇದನ್ನೇ ಗಮನಿಸಿದ್ದ. ಬೆತ್ತದ ಮೇಲೆ ಚರ್ಮ ಹೊದಿಸಿದ ಬುಟ್ಟಿಯಂಥ ದೋಣಿ, 15-20 ಜನರನ್ನು ಹೊರುತ್ತದೆ, ಆದರೆ ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಎಂದು ಬರೆದಿಟ್ಟಿದ್ದಾನೆ.

ಹಾಗಾದರೆ ಇದು ಹಿಂದುಳಿದವರ ದೋಣಿಯೇ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಹಂಪಿಯ ಹತ್ತಿರದ ತುಂಗಭದ್ರೆಯನ್ನು ನೆನಪಿಸಿಕೊಳ್ಳಿ. ಎಲ್ಲೆಲ್ಲೂ ಬಂಡೆ. ಅಲ್ಲಿ ಫಿನ್ ಕಟ್ಟಿದರೆ ಮೊದಲ ಕಲ್ಲಿಗೇ ಮುರಿದೀತು. ಹರಗೋಲು ಗೇಣು ನೀರಿದ್ದರೂ ತೇಲುತ್ತದೆ, ಬಂಡೆಗೆ ತಾಗಿದರೆ ಪಕ್ಕಕ್ಕೆ ಹೊರಳಿ ಮುಂದೆ ಹೋಗುತ್ತದೆ. 1800ರ ಮಳೆಗಾಲದಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಹರಿಹರದಲ್ಲಿ ತುಂಗಭದ್ರೆ ದಾಟಿ, ಜುಲೈನಲ್ಲಿ ನಮ್ಮ ಡಂಬಳದ ಕೋಟೆ ಹಿಡಿದ ಆರ್ಥರ್ ವೆಲ್ಲೆಸ್ಲಿಯೂ ದಖ್ಖನ್ನಿನ ಹೊಳೆಗಳ ಪಾಠ ಕಲಿತ. 1803ರ ಮರಾಠಾ ಯುದ್ಧಕ್ಕೆ ಹೊರಟಾಗ ಇಂಥ ಬುಟ್ಟಿ ದೋಣಿಗಳನ್ನೇ ಮಾಡಿಸಿದ.

ಇನ್ನು ನೆಟ್ಟಗೆ ಹೋಗುವ ಗುಟ್ಟು? ಅಂಬಿಗ ಹುಟ್ಟನ್ನು ಮುಂದೆ ಚಾಚಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರನ್ನು ತನ್ನತ್ತ ಎಳೆಯುತ್ತಾನೆ. ಅಂದರೆ ಫಿನ್ ಇರುವುದು ಅವನ ಕೈಯಲ್ಲಿ! ಬಂಡೆ ಬಂದಾಗ ಅದನ್ನು ಎತ್ತಿಕೊಳ್ಳಲೂ ಬರುತ್ತದೆ.

ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ಹಮ್ಮಿಗಿಯಲ್ಲಿ ಬ್ಯಾರೇಜ್ ಎದ್ದಿದೆ, ಜನ ಸೇತುವೆಯ ಮೇಲೆ ಬಸ್ಸಿನಲ್ಲಿ ಹೊಳೆ ದಾಟುತ್ತಾರೆ. ಒಳ್ಳೆಯದೇ. ಆದರೆ ಸ್ಕೀಯ ಫಿನ್ನಿಗೆ ಅಳತೆಯ ಪಟ್ಟಿ ಉಂಟು, ಅಜ್ಜನ ಕೈಯ ಅಳತೆಯನ್ನು ಯಾರೂ ಬರೆದುಕೊಳ್ಳಲಿಲ್ಲ. ನಾನೂ ಕೇಳಲಿಲ್ಲ.

ನಿಮ್ಮೂರ ಹೊಳೆಯಲ್ಲಿ ಹುಟ್ಟು ಹಾಕಬಲ್ಲ ಅಜ್ಜಂದಿರಿದ್ದರೆ ಈ ರಜೆಗೆ ಹೋದಾಗ ಕೇಳಿಕೊಂಡು ಬನ್ನಿ...